ನಡುದಾರಿಯಲ್ಲಿ ನಿಲ್ಲುವ ಕಾಲು: ಸೋದರಳಿಯನಿಗೊಂದು ಪತ್ರ

ಅರಸೀಕೆರೆ

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಮಾತ್ರ ನನಗೆ ಅನುಮಾನ ಹುಟ್ಟಿರುವುದರಿಂದ, ಫೋನಿನಲ್ಲಿ ಹೇಳಿದರೆ ನೀನು ನಕ್ಕು ಮಾತು ಮರೆಸುತ್ತೀಯೆಂದು ಈ ಕಾಗದ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಗೃಹಪ್ರವೇಶದ ಊಟ ಮುಗಿಸಿ ನನ್ನನ್ನು ಬಸ್ ನಿಲ್ದಾಣದವರೆಗೆ ಕಳುಹಿಸಲು ಬಂದೆಯಲ್ಲ, ಆ ಅರ್ಧ ಕಿಲೋಮೀಟರ್ ದಾರಿಯಲ್ಲಿ ನೀನು ಎರಡು ಸಲ ನಿಂತೆ. ಮೊದಲ ಸಲ ಜೇಬಿನಿಂದ ಮೊಬೈಲ್ ತೆಗೆದು ನೋಡಿದೆ. ಎರಡನೆಯ ಸಲ ಪಾತ್ರೆ ಅಂಗಡಿಯ ಮುಂದೆ ನಿಂತು, ಕೊಳ್ಳುವ ಯೋಚನೆಯೇ ಇಲ್ಲದ ಕೊಳಗವೊಂದರ ಬೆಲೆ ಕೇಳಿದೆ. ಎರಡು ಸಲವೂ ನಿನ್ನ ಕೈ ಮೀನಖಂಡವನ್ನು ಒತ್ತುತ್ತಿತ್ತು. ಎರಡು ನಿಮಿಷ ಕಳೆದ ಮೇಲೆ ಏನೂ ಆಗದವನಂತೆ ಹೊರಟೆ. ಕಾಲಿಗೆ ರಕ್ತ ತರುವ ನಾಳ ಕಿರಿದಾದವರು ಹೀಗೆ ನಡುದಾರಿಯಲ್ಲಿ ನಿಲ್ಲುತ್ತಾರೆ; ಜರ್ಮನ್ ಭಾಷೆಯಲ್ಲಿ ಇದನ್ನು ಅಂಗಡಿ ಕಿಟಕಿಯ ಕಾಯಿಲೆ ಎಂದೇ ಕರೆಯುತ್ತಾರಂತೆ. ನಾನು ಅದನ್ನು ಗುರುತು ಹಿಡಿದದ್ದು ಓದಿನಿಂದಲ್ಲ, ನಾನೂ ಒಂದು ವರ್ಷ ಹಾಗೆಯೇ ನಿಂತವನಾದ್ದರಿಂದ.

ನನ್ನ ಎಡಗಾಲಿನ ಎರಡು ಬೆರಳು ಸಕ್ಕರೆ ಕಾಯಿಲೆಯಿಂದ ಹೋದವೆಂದು ಮನೆಯವರೆಲ್ಲ ಹೇಳುತ್ತಾರೆ. ಅದು ಅರ್ಧ ಸತ್ಯ; ಉಳಿದರ್ಧ ನನ್ನ ಉದಾಸೀನ. ಮೊದಮೊದಲು ರೈಲ್ವೆ ಗೇಟಿನವರೆಗೆ ನಡೆದರೆ ಮೀನಖಂಡ ಹಿಂಡಿದಂತಾಗುತ್ತಿತ್ತು, ಕೆಲವು ತಿಂಗಳ ಮೇಲೆ ಅಂಚೆ ಕಚೇರಿಯ ಬಳಿಯೇ ನಿಲ್ಲಬೇಕಾಯಿತು, ಕೊನೆಗೆ ಬೀದಿಯ ತಿರುವು ದಾಟುವುದೇ ಕಷ್ಟವಾಯಿತು. ವಯಸ್ಸು ಅರವತ್ತು ದಾಟಿದೆ, ಇದೆಲ್ಲ ಸಹಜವೆಂದುಕೊಂಡೆ. ಒಬ್ಬರು ವಾತವೆಂದರು, ಇನ್ನೊಬ್ಬರು ನರ ಹಿಡಿದಿದೆಯೆಂದು ಎಂಟು ತಿಂಗಳು ಎಣ್ಣೆ ತಿಕ್ಕಿಸಿದರು. ನಮ್ಮ ಮಾತಿನಲ್ಲಿ ಸಂವೇದನೆಯ ತಂತುವೂ ನರವೇ, ರಕ್ತ ಹರಿಯುವ ಕೊಳವೆಯೂ ನರವೇ ಆಗಿರುವುದರಿಂದ ರೋಗಿಗಳು ಎಷ್ಟು ದಾರಿ ತಪ್ಪುತ್ತಾರೋ! ಆಮೇಲೆ ಉಗುರು ಕತ್ತರಿಸುವಾಗ ಆದ ಸಣ್ಣ ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, ಗಾಯವಾಗುವ ಮೊದಲೇ ಬಂದಿದ್ದರೆ ಮಾತ್ರೆ ಮತ್ತು ನಡಿಗೆಯಲ್ಲಿಯೇ ನಿಭಾಯಿಸಬಹುದಿತ್ತೇನೋ ಎಂದರು. ಆ ಮಾತು ಇಂದಿಗೂ ಬೆರಳಿಗಿಂತ ಹೆಚ್ಚು ನೋಯಿಸುತ್ತದೆ.

ಹೃದಯದಿಂದ ರಕ್ತ ತರುವ ನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದಾಗ, ಕುಳಿತಿರುವ ಕಾಲಿಗೆ ಸಾಲುವ ರಕ್ತ ನಡೆಯುವ ಕಾಲಿಗೆ ಸಾಲದು. ಆದ್ದರಿಂದಲೇ ನಡೆದಾಗ ನೋವು, ನಿಂತರೆ ಶಮನ. ಬೆನ್ನುಮೂಳೆಯ ತೊಂದರೆಯಲ್ಲೂ ಕಾಲು ನೋಯುತ್ತದೆ. ಆದರೆ ಅದು ಸಾಮಾನ್ಯವಾಗಿ ಸುಮ್ಮನೆ ನಿಂತರೆ ಇಳಿಯುವುದಿಲ್ಲ, ಕೂರಬೇಕು ಇಲ್ಲವೆ ಮುಂದಕ್ಕೆ ಬಾಗಬೇಕು. ನಿನ್ನದು ನಿಂತರೆ ಇಳಿಯುವ ನೋವು. ಕಾಲಿನ ರೋಮ ಉದುರಿದೆಯೇ, ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ ಎಂದು ನೋಡಿಕೊ. ರಾತ್ರಿ ಮಲಗಿದಾಗ ಪಾದ ಉರಿದು, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುವ ಹಂತಕ್ಕೆ ಬಂದಿದ್ದರೆ ಒಂದು ದಿನವೂ ತಡಮಾಡಬೇಡ. ಇದ್ದಕ್ಕಿದ್ದಂತೆ ಕಾಲು ಬಿಳಿಚಿ, ತಣ್ಣಗಾಗಿ, ಮರಗಟ್ಟಿದರೆ ದಿನದ ಮಾತೇ ಇಲ್ಲ, ಲೆಕ್ಕ ಗಂಟೆಗಳದ್ದು. ಸುಮಾರು 6 ಗಂಟೆ ಮೀರಿದರೆ ಕಾಲು ಉಳಿಯುವುದು ಕಷ್ಟ.

ಪರೀಕ್ಷೆಗೆ ಹೆದರುವಂಥದ್ದೇನೂ ಇಲ್ಲ. ತೋಳಿನಲ್ಲಿ ರಕ್ತದೊತ್ತಡ ನೋಡುವ ಹಾಗೆಯೇ ಕಣಕಾಲಿನಲ್ಲೂ ನೋಡಿ, ಕಾಲಿನ ಅಂಕೆಯನ್ನು ತೋಳಿನ ಅಂಕೆಯಿಂದ ಭಾಗಿಸುತ್ತಾರೆ. 1ರ ಆಸುಪಾಸಿನಲ್ಲಿದ್ದರೆ ನೆಮ್ಮದಿ, 0.9ಕ್ಕಿಂತ ಕಡಿಮೆಯಾದರೆ ನಾಳ ಕಿರಿದಾಗಿದೆಯೆಂದು ಅರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಸುಣ್ಣಗಟ್ಟಿ ಬಿರುಸಾಗಿರುವುದರಿಂದ ಈ ಅಂಕೆ ಸುಳ್ಳು ಹೇಳುವುದುಂಟು. ಆದ್ದರಿಂದ ನಿನಗೆ ಸಕ್ಕರೆ ಇದೆಯೆಂಬುದನ್ನು ಮೊದಲೇ ತಿಳಿಸು. ಕಾಲಿನ ಹೆಬ್ಬೆರಳಿನ ರಕ್ತದೊತ್ತಡ, ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕೆ ಎಂದು ಅವರೇ ನಿರ್ಧರಿಸುತ್ತಾರೆ.

ಇನ್ನು ಬೀಡಿಯ ವಿಷಯ. ಮಂಡಿಯಲ್ಲಿ ಕೊಬ್ಬರಿ ಮೂಟೆಗಳ ಮಧ್ಯೆ ನಿಂತು ದಿನಕ್ಕೆ ಒಂದು ಕಟ್ಟು ಮುಗಿಸುತ್ತೀಯೆಂದು ನಿನ್ನ ಹೆಂಡತಿ ಹೇಳಿಲ್ಲ, ನಿನ್ನ ಅಂಗಿಯೇ ಹೇಳುತ್ತದೆ. ತಂಬಾಕಿನಿಂದಲೇ ಕೈಕಾಲುಗಳ ನಾಳ ಮುಚ್ಚಿಹೋಗುವ ಬೇರೊಂದು ಕಾಯಿಲೆಯೂ ಇದೆ. ಲಿಯೋ ಬರ್ಗರ್ ಎಂಬ ವೈದ್ಯರು 1908ರಲ್ಲಿ ಅದನ್ನು ವಿವರವಾಗಿ ವರ್ಣಿಸಿದ್ದರಿಂದ ಅವರ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ದೇಶದಲ್ಲಿ ಬೀಡಿ ಸೇದುವ ಹರೆಯದ ಗಂಡಸರ ಬೆರಳುಗಳನ್ನು ಅದು ಕಿತ್ತುಕೊಂಡಿದೆ. ನಿನ್ನದು ಅದೋ ಇದೋ ವೈದ್ಯರು ಹೇಳಲಿ. ಎರಡರಲ್ಲೂ ಬೀಡಿ ಬಿಡದೆ ಮಾಡಿದ ಚಿಕಿತ್ಸೆ ತೂತು ಕೊಡಕ್ಕೆ ನೀರು ಹೊಯ್ದಂತೆ.

ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆಂಬ ಭಯ ನಿನಗಿರಬಹುದು, ನನಗೂ ಇತ್ತು. ಬೇಗ ಹೋದವರಿಗೆ ಹೆಚ್ಚಾಗಿ ಸಿಗುವುದು ಕೊಬ್ಬು ತಗ್ಗಿಸುವ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು, ಜೊತೆಗೆ ನಡಿಗೆಯ ಪಾಠ. ನೋವು ಬರುವವರೆಗೆ ನಡೆದು, ನಿಂತು, ಇಳಿದ ಮೇಲೆ ಮತ್ತೆ ನಡೆಯುವುದು. ಹೀಗೆ ವಾರಕ್ಕೆ ಮೂರು ದಿನವಾದರೂ ಅರ್ಧ ಗಂಟೆ, ಮೂರು ತಿಂಗಳು. ಗಾಯವಿಲ್ಲದವರಿಗೆ ಮಾತ್ರ ಈ ಮಾತು, ಅದೂ ವೈದ್ಯರು ಒಪ್ಪಿದ ಮೇಲೆ. ಅದು ಸಾಲದಿದ್ದರೆ ತೊಡೆಸಂದಿನಿಂದ ಸಣ್ಣ ನಳಿಕೆ ತೂರಿಸಿ ನಾಳ ಹಿಗ್ಗಿಸುತ್ತಾರೆ. ಈ ವಿಧಾನ ಶುರುವಾದದ್ದೇ ಕಾಲಿನಿಂದ: 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮುದುಕಿಯೊಬ್ಬರಿಗೆ ಹೀಗೆ ನಾಳ ಬಿಡಿಸಿದರು, ಆಕೆ ತನ್ನ ಕಾಲಿನಲ್ಲೇ ನಡೆದಾಡಿದರು. ಹೃದಯದ ನಾಳಕ್ಕೆ ಈ ವಿದ್ಯೆ ಬಂದದ್ದು ಆಮೇಲೆ. ಅಂದ ಹಾಗೆ, ಕಾಲಿನ ನಾಳ ಕಟ್ಟಿದವನ ಎದೆಯ ನಾಳ, ಕತ್ತಿನ ನಾಳ ಸ್ವಚ್ಛವಾಗಿರುವುದು ಅಪರೂಪ. ಆದ್ದರಿಂದ ಹೃದಯವನ್ನೂ ತೋರಿಸಿಕೊಂಡೇ ಬರಬೇಕು.

ಅಲ್ಲಿಯವರೆಗೆ ಯಾರು ಹೇಳಿದರೂ ಪಾದಕ್ಕೆ ಬಿಸಿನೀರಿನ ಶಾಖ ಕೊಡಬೇಡ, ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡ, ಉಬ್ಬಿದ ನಾಳದವರು ಹಾಕುವ ಬಿಗಿ ಕಾಲುಚೀಲವನ್ನು ಕೇಳದೆ ತೊಡಬೇಡ; ರಕ್ತ ಕಡಿಮೆಯಿರುವ ಕಾಲಿಗೆ ಅದು ಅಪಾಯ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುವ ಹರಕೆಯಿದ್ದರೆ ಮುಂದೂಡು, ದೇವರು ಕಾಯುತ್ತಾನೆ.

ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಕಾಲಿನ ರಕ್ತನಾಳದ ಚಿಕಿತ್ಸೆಯೂ ಇದೆ. ನಿಮ್ಮದು ಬಿಪಿಎಲ್ ಕಾರ್ಡ್ ಆಗಿರುವುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಸಿಗುತ್ತದೆ. ಮೊದಲು ತಿಪಟೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಶಿಫಾರಸು ಪತ್ರ ಮಾಡಿಸಿಕೊ. ಈ ಕಾಗದ ತಲುಪಿದ ದಿನವೇ ಮನೆಯಿಂದ ಮಂಡಿಯ ಕಡೆಗೆ ಹೆಜ್ಜೆ ಎಣಿಸುತ್ತಾ ನಡೆ. ನೋವು ಎಲ್ಲಿ ನಿಲ್ಲಿಸಿತೆಂದು ಚೀಟಿಯಲ್ಲಿ ಬರೆದುಕೊ, ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ನಾನು ಬರುವ ಸೋಮವಾರ ಬೆಳಗಿನ ರೈಲಿಗೆ ತಿಪಟೂರಿಗೆ ಬರುತ್ತೇನೆ, ಇಬ್ಬರೂ ಜೊತೆಗೇ ಹೋಗೋಣ.

ಇಂತಿ,
ನಿನ್ನ ಸೋದರಮಾವ