ನಾಣ್ಯದ ಮೇಲೆ ದೇವರು ಬಂದದ್ದು ಆಮೇಲೆ

ಮಾನ್ಯರೇ,

ಅಮೆರಿಕದ ನಾಣ್ಯಗಳ ಮೇಲಿರುವ ‘ಇನ್ ಗಾಡ್ ವಿ ಟ್ರಸ್ಟ್’ (ದೇವರಲ್ಲಿ ನಮ್ಮ ನಂಬಿಕೆ) ಎಂಬ ಸಾಲು ಆ ದೇಶ ಹುಟ್ಟಿದಾಗಿನಿಂದಲೂ ಇದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಆ ದೇಶದ ಆರಂಭದ ನಾಣ್ಯಗಳಲ್ಲೊಂದಾದ 1787ರ ಫ್ಯೂಜಿಯೊ ಸೆಂಟ್ ಮೇಲೆ ಇದ್ದದ್ದು ಸೂರ್ಯ, ನೆರಳು ಗಡಿಯಾರ, ಅದರ ಕೆಳಗೆ ‘ನಿನ್ನ ಕೆಲಸ ನೋಡಿಕೋ’ ಎಂಬ ಬುದ್ಧಿಮಾತು. ದೇವರ ಹೆಸರೇ ಇಲ್ಲ.

ಅಂತರ್ಯುದ್ಧ ನಡೆಯುತ್ತಿದ್ದ 1861ರಲ್ಲಿ ಪೆನ್ಸಿಲ್ವೇನಿಯಾದ ಪಾದ್ರಿಯೊಬ್ಬರು ಖಜಾನೆ ಕಾರ್ಯದರ್ಶಿ ಸಾಲ್ಮನ್ ಚೇಸ್ ಅವರಿಗೆ ಪತ್ರ ಬರೆದು, ನಾಣ್ಯದಲ್ಲಿ ದೇವರನ್ನು ನೆನೆಯಬೇಕೆಂದು ಕೇಳಿಕೊಂಡರು. (ಪತ್ರಕ್ಕೆ ಬೆಲೆ ಇದ್ದ ಕಾಲ!) 1864ರ ಎರಡು ಸೆಂಟ್ ನಾಣ್ಯದಲ್ಲಿ ಆ ಸಾಲು ಮೊದಲು ಬಂತು. 1907ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹೊಸ ಚಿನ್ನದ ನಾಣ್ಯಗಳಲ್ಲಿ ಅದನ್ನು ಕೈಬಿಟ್ಟರು. ಹಣದ ಮೇಲೆ ದೇವರ ಹೆಸರು ಹಾಕುವುದೇ ಅಗೌರವ ಎಂಬುದು ಅವರ ವಾದ. ಜನ ಗಲಾಟೆ ಮಾಡಿದರು, ಮರುವರ್ಷವೇ ಸಂಸತ್ತು ಅದನ್ನು ವಾಪಸ್ ತಂದಿತು. ರಾಷ್ಟ್ರೀಯ ಧ್ಯೇಯವಾಕ್ಯ ಆದದ್ದಂತೂ 1956ರಲ್ಲಿ, ಶೀತಲ ಸಮರದ ಕಾಲದಲ್ಲಿ.

ಧರ್ಮ ಮತ್ತು ಸರ್ಕಾರದ ಚರ್ಚೆಗೆ ಈ ನಾಣ್ಯವನ್ನು ಸುಮ್ನೆ ಎಳೆತರುವವರು ಇಸವಿಗಳನ್ನೂ ಹೇಳಬೇಕಲ್ವಾ? ಪತ್ರಿಕೆಯೂ ಇಂಥ ಬರಹಗಳ ಪಕ್ಕದಲ್ಲಿ ಇಸವಿಗಳ ಚಿಕ್ಕ ಚೌಕಟ್ಟೊಂದನ್ನು ಕೊಡಲಿ.

– ಓದುಗ, ಶಿವಮೊಗ್ಗ