ಅಜ್ಜಿ ಪಾತ್ರದ ಲಿಜ್ ಸ್ಮಿತ್

ಪ್ರೀತಿಯ ಸತೀಶ,

ಹೇಗಿದ್ದೀಯೋ? ಹೋದ ಸಲ ಫೋನಿನಲ್ಲಿ "ಯಾವ ನಾಟಕ ಆಡಿದ್ರೂ ನನಗೆ ಮುದುಕನ ಪಾತ್ರವೇ, ಅದೂ ಎರಡೇ ಮಾತು" ಅಂತ ಬೇಜಾರು ಮಾಡಿಕೊಂಡೆಯಲ್ಲ, ಆಗಿನಿಂದ ನಿನಗೆ ಲಿಜ್ ಸ್ಮಿತ್ ಬಗ್ಗೆ ಬರೆಯಬೇಕು ಅನ್ನಿಸುತ್ತಿದೆ. ಇಂಗ್ಲೆಂಡಿನ ನಟಿ. ಮಾಡಿದ್ದೆಲ್ಲ ಹೆಚ್ಚುಕಡಿಮೆ ಅಮ್ಮ, ಅಜ್ಜಿ, ಊರಿನ ಮುದುಕಿ. ನನಗೆ ಆಕೆ ತುಂಬಾ ಇಷ್ಟ.

ಹುಟ್ಟಿದ್ದು 1921ರಲ್ಲಿ, ಸ್ಕನ್‌ಥಾರ್ಪ್ ಅನ್ನೋ ಊರಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ತಂದೆ ಬಿಟ್ಟು ಹೋದ. ಸಾಕಿದ್ದು ಅಜ್ಜಿ. ಯುದ್ಧದ ಕಾಲದಲ್ಲಿ ನೌಕಾಪಡೆಯ ಮಹಿಳಾ ದಳದಲ್ಲಿದ್ದಳು. ಆಮೇಲೆ ಮದುವೆ, ಎರಡು ಮಕ್ಕಳು, ವಿಚ್ಛೇದನ. ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸ ಮಾಡುತ್ತಾ, ಮಕ್ಕಳನ್ನು ಒಬ್ಬಳೇ ಬೆಳೆಸುತ್ತಾ, ನಟನೆಯನ್ನೂ ಬಿಡದೆ ಹಿಡಿದುಕೊಂಡಿದ್ದಳು.

ಲಂಡನ್ನಿನ ಹ್ಯಾಮ್ಲೀಸ್ ಆಟಿಕೆ ಅಂಗಡಿಯಲ್ಲಿ ಗೊಂಬೆ ಮಾರುತ್ತಿದ್ದಾಗ ಮೈಕ್ ಲೀ ಕಡೆಯಿಂದ ಕರೆ ಬಂತು. ಆತ ಇನ್ನೂ ಹೊಸಬ, ಮೊದಲ ಸಿನಿಮಾ ಮಾಡಲು ಹೊರಟಿದ್ದ. ಸಿದ್ಧ ಸಂಭಾಷಣೆ ಕೈಗೆ ಕೊಡುವ ನಿರ್ದೇಶಕನಲ್ಲ ಆತ. ಕಲಾವಿದರ ಜೊತೆ ಕೂತು, ಪಾತ್ರವನ್ನು ಅವರಿಂದಲೇ ಕಟ್ಟಿಸುತ್ತಾನೆ. ಅಷ್ಟೊಂದು ಬದುಕು ನೋಡಿದವಳಿಗೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಾ? 1971ರಲ್ಲಿ 'ಬ್ಲೀಕ್ ಮೊಮೆಂಟ್ಸ್' ಬಂತು. ಆ ವರ್ಷವೇ ಆಕೆಗೆ ಐವತ್ತು ತುಂಬಿತು.

ಅಲ್ಲಿಂದ ಆಕೆಗೆ ಕೈತುಂಬಾ ಕೆಲಸ. 1984ರ 'ಎ ಪ್ರೈವೇಟ್ ಫಂಕ್ಷನ್' ಸಿನಿಮಾದಲ್ಲಿ ಹೆಸರಾಂತ ನಟಿ ಮ್ಯಾಗಿ ಸ್ಮಿತ್‌ಗೆ ತಾಯಿಯ ಪಾತ್ರ. ಇಬ್ಬರ ನಡುವೆ ಬರೀ ಹದಿಮೂರು ವರ್ಷ ಅಂತರ ಕಣೋ! ಯುದ್ಧ ಮುಗಿದರೂ ಮಾಂಸಕ್ಕೆ ರೇಷನ್ ಇದ್ದ ಕಾಲದಲ್ಲಿ, ಕದ್ದ ಹಂದಿಯೊಂದನ್ನು ಮನೆಯೊಳಗೆ ಬಚ್ಚಿಡುವ ಕಥೆ. ಇದಕ್ಕೆ ಲಿಜ್‌ಗೆ ಪೋಷಕ ನಟಿ ಬಾಫ್ಟಾ, ಅಂದರೆ ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿ, ಸಿಕ್ಕಿತು. ಮ್ಯಾಗಿ ಸ್ಮಿತ್‌ಗೂ ಅದೇ ಸಿನಿಮಾಕ್ಕೆ ನಟಿ ಪ್ರಶಸ್ತಿ. 'ದಿ ವಿಕಾರ್ ಆಫ್ ಡಿಬ್ಲಿ' ಅನ್ನೋ ಟೀವಿ ಹಾಸ್ಯ ಧಾರಾವಾಹಿಯಲ್ಲಿ ಏನೇನೋ ಬೆರೆಸಿ ಅಡುಗೆ ಮಾಡುವ ಲೆಟಿಶಿಯಾ ಕೂಡ ಆಕೆಯೇ.

ಆದರೆ ನೀನು ನೋಡಲೇಬೇಕಾದ್ದು 'ದಿ ರಾಯ್ಲ್ ಫ್ಯಾಮಿಲಿ' ಅನ್ನೋ ಟೀವಿ ಹಾಸ್ಯ ಧಾರಾವಾಹಿ. ಮ್ಯಾಂಚೆಸ್ಟರಿನ ಒಂದು ಬಡ ಮನೆ, ಸೋಫಾ, ಟೀವಿ, ಬಾಯಿಗೆ ಬಂದ ಮಾತು. 1998ರಲ್ಲಿ ಶುರುವಾಯಿತು. ನಾನಾ ಅನ್ನೋ ಅಜ್ಜಿಯಾಗಿ ಲಿಜ್. 2006ರಲ್ಲಿ ಬಂದ 'ದಿ ಕ್ವೀನ್ ಆಫ್ ಶೀಬಾ' ಅನ್ನೋ ವಿಶೇಷ ಕಂತಿನಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಹಾಸಿಗೆ ಇರುವುದು ಮನೆಯವರೆಲ್ಲ ಟೀವಿ ನೋಡುವ ಕೋಣೆಯಲ್ಲೇ. ಮಗಳು ಬಾರ್ಬರಾ ಪಕ್ಕದಲ್ಲಿ ಕೂತು ಅವಳ ತಲೆ ಬಾಚುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ನಮ್ಮನ್ನು ಅಳಿಸಲು ಹೊರಡುತ್ತಿದ್ದರು. ಲಿಜ್ ಹಾಗೆ ಮಾಡುವುದಿಲ್ಲ. ಮಗಳ ಕೈ ತಲೆಗೆ ತಾಗಿದ ಸುಖವನ್ನಷ್ಟೇ ಅನುಭವಿಸುತ್ತಾಳೆ. ನನಗಂತೂ ಅಲ್ಲೇ ಗಂಟಲು ಕಟ್ಟಿತು. ಆ ಪಾತ್ರ ಚಿಕ್ಕದೋ ದೊಡ್ಡದೋ ಅಂತ ಲೆಕ್ಕ ಹಾಕಿದವಳಿಗೆ ಇದು ಸಾಧ್ಯವಾಗುತ್ತಿತ್ತಾ, ನೀನೇ ಹೇಳು.

ಆಗ ಆಕೆಗೆ ಎಂಬತ್ತು ದಾಟಿತ್ತು. 2016ರ ಕ್ರಿಸ್‌ಮಸ್ ಹಿಂದಿನ ದಿನ ತೀರಿಕೊಂಡಾಗ ತೊಂಬತ್ತೈದು.

ನಿನ್ನ ಮುಂದಿನ ನಾಟಕದ ಮುದುಕನಿಗೆ ಊರು ಯಾವುದು, ಮಕ್ಕಳೆಷ್ಟು, ರಾತ್ರಿ ನಿದ್ದೆ ಬರುತ್ತಾ, ಇದನ್ನೆಲ್ಲ ಯೋಚಿಸಿದ್ದೀಯಾ? ಬರೆದು ಕಳಿಸು. ಪ್ರದರ್ಶನದ ತಾರೀಖೂ ಹೇಳು, ಮುಂದಿನ ಸಾಲಲ್ಲೇ ಕೂರುತ್ತೇನೆ.

ನಿನ್ನ,
ರಘು