ವಜುಭಾಯಿ ವಾಲಾ ಅವರೇ, ಆ ಹದಿನೈದು ದಿನಗಳ ಲೆಕ್ಕ ಬರೆದಿಡಿ

ಮಾನ್ಯ ವಜುಭಾಯಿ ವಾಲಾ ಅವರಿಗೆ,

ಬೆಂಗಳೂರಿನಿಂದ ನಮಸ್ಕಾರ.

2014ರ ಸೆಪ್ಟೆಂಬರಿನಲ್ಲಿ ರಾಜ್ಯಪಾಲರಾಗಿ ನಮ್ಮ ರಾಜಭವನಕ್ಕೆ ಬಂದವರು, ಐದು ವರ್ಷದ ಅವಧಿ ಮುಗಿದರೂ ಇಲ್ಲೇ ಇದ್ದು 2021ರ ಜುಲೈನಲ್ಲಿ ಹೊರಟಿರಿ. ಸುಮಾರು ಹದಿನಾಲ್ಕು ತಿಂಗಳ ಅಂತರದಲ್ಲಿ ಮೂರು ಸಲ ಮುಖ್ಯಮಂತ್ರಿಗಳಿಗೆ ಪ್ರಮಾಣವಚನ ಬೋಧಿಸಿದಿರಿ. ಎಲ್ಲ ರಾಜ್ಯಪಾಲರಿಗೂ ಇಂಥ ದಿನಗಳು ಸಿಗುವುದಿಲ್ಲ. ಹೆಚ್ಚಿನವರು ಘಟಿಕೋತ್ಸವಗಳಲ್ಲಿ ಪದವಿ ಕೊಟ್ಟು, ಜಂಟಿ ಅಧಿವೇಶನದಲ್ಲಿ ಸರ್ಕಾರ ಬರೆದುಕೊಟ್ಟ ಭಾಷಣ ಓದಿ ಊರಿಗೆ ಮರಳುತ್ತಾರೆ.

ನಾನು ಕೇಳಬೇಕೆಂದಿರುವುದು 2018ರ ಮೇ 16ರ ಸಂಜೆಯ ಬಗ್ಗೆ. ಹಿಂದಿನ ದಿನವಷ್ಟೇ ಫಲಿತಾಂಶ ಬಂದಿತ್ತು. ಮತದಾನ ನಡೆದ 222 ಸ್ಥಾನಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37. ಬಹುಮತಕ್ಕೆ 112 ಬೇಕು. ಕಾಂಗ್ರೆಸ್ಸು, ಜೆಡಿಎಸ್ ಎರಡೂ ಕೈಜೋಡಿಸಿ ನಿಮ್ಮ ಬಾಗಿಲಿಗೆ ಬಂದಿದ್ದವು. ನೀವು ಕರೆದದ್ದು ಯಡಿಯೂರಪ್ಪನವರನ್ನು. ಅತಿದೊಡ್ಡ ಪಕ್ಷವನ್ನು ಮೊದಲು ಕರೆಯುವುದೂ ಒಂದು ಪದ್ಧತಿಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವರ್ಷದ ಹಿಂದೆ ಗೋವಾದಲ್ಲಿ 17 ಸ್ಥಾನ ಗೆದ್ದು ಅತಿದೊಡ್ಡದಾದ ಕಾಂಗ್ರೆಸ್ಸನ್ನು ಬಿಟ್ಟು, ಮಿತ್ರರನ್ನು ಕೂಡಿಸಿಕೊಂಡು ಬಂದ ಬಿಜೆಪಿಯನ್ನೇ ಅಲ್ಲಿನ ರಾಜಭವನ ಕರೆದಿತ್ತಲ್ಲ! ಪದ್ಧತಿ ಯಾವುದು, ಅನುಕೂಲ ಯಾವುದು ಎಂದು ನಮ್ಮಂಥವರು ಹೇಗೆ ತಿಳಿಯಬೇಕು?

ಅದಿರಲಿ. ಬಹುಮತ ಸಾಬೀತು ಮಾಡಲು ನೀವು ಯಡಿಯೂರಪ್ಪನವರಿಗೆ ಕೊಟ್ಟ ಆ ಹದಿನೈದು ದಿನ ಎಲ್ಲಿಂದ ಬಂತು? ಅವರು ಕೇಳಿದ್ದು ಏಳು ದಿನ, ನೀವು ಕೊಟ್ಟದ್ದು ಹದಿನೈದು ಎಂದು ಎದುರು ಪಕ್ಷದ ವಕೀಲರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಅಂದು ನಡುರಾತ್ರಿ ಕಳೆದ ಮೇಲೆ ಶುರುವಾದ ವಿಚಾರಣೆ ಬೆಳಕು ಹರಿಯುವವರೆಗೂ ನಡೆಯಿತು. ನಾವು ಟಿವಿ ಮುಂದೆ ಕೂತೇ ಬೆಳಗು ಮಾಡಿದೆವು. ಒಂಬತ್ತು ಗಂಟೆಗೆ ಪ್ರಮಾಣವಚನ. ಮರುದಿನ ನ್ಯಾಯಾಲಯ ನಿಮ್ಮ ಹದಿನೈದು ದಿನವನ್ನು ಒಂದೇ ದಿನಕ್ಕೆ ಇಳಿಸಿತು. 19ರ ಸಂಜೆ ನಾಲ್ಕಕ್ಕೆ ಬಹುಮತ ಸಾಬೀತಾಗಬೇಕಿತ್ತು, ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಘೋಷಿಸಿದರು. ಆಮೇಲೆ ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಮುಂದಿನ ವರ್ಷ ಅವರ ಸರ್ಕಾರ ಅಲುಗಾಡಿದಾಗ ಮಾತ್ರ ನಿಮಗೆ ಅಷ್ಟು ತಾಳ್ಮೆ ಇರಲಿಲ್ಲ. ಬಹುಮತ ತೋರಿಸಲು ಜುಲೈ 19ರ ಮಧ್ಯಾಹ್ನ ಒಂದೂವರೆಯೊಳಗೆ ಎಂದು ಒಂದು ಗಡುವು, ಅದು ದಾಟಿದ ಮೇಲೆ ಅದೇ ದಿನಕ್ಕೆ ಇನ್ನೊಂದು. ಎರಡನೆಯದನ್ನು ಕುಮಾರಸ್ವಾಮಿ ಸದನದಲ್ಲೇ ‘ಲವ್ ಲೆಟರ್’ ಎಂದು ಕರೆದರು. ಎರಡೂ ಗಡುವು ಸುಮ್ಮನೆ ಕಳೆದುಹೋಗಿ, 23ರಂದು 99–105ರಲ್ಲಿ ಸರ್ಕಾರ ಬಿತ್ತು.

ನಿಮ್ಮನ್ನೇ ಯಾಕೆ ಕೇಳುತ್ತೇನೆಂದರೆ, ರಾಜ್ಯಪಾಲರ ಒಂದು ಶಿಫಾರಸು ಏನು ಮಾಡಬಲ್ಲದು ಎಂಬುದನ್ನು ನೀವು ಇನ್ನೊಂದು ಕಡೆಯಿಂದಲೂ ಕಂಡವರು. 1996ರಲ್ಲಿ ಗುಜರಾತಿನ ಸುರೇಶ್ ಮೆಹ್ತಾ ಅವರ ಬಿಜೆಪಿ ಸರ್ಕಾರ ವಿಶ್ವಾಸಮತ ಗೆದ್ದ ಬೆನ್ನಿಗೇ ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಪ್ರಧಾನಿಯಾಗಿದ್ದವರು ನಮ್ಮ ದೇವೇಗೌಡರು, ಗುಜರಾತ್ ಬಿಜೆಪಿ ಅಧ್ಯಕ್ಷರು ನೀವು. ಇಪ್ಪತ್ತೆರಡು ವರ್ಷದ ನಂತರ ಅದೇ ಗೌಡರ ಮಗ ಕುಮಾರಸ್ವಾಮಿ ಶಾಸಕರ ಪಟ್ಟಿ ಹಿಡಿದು ನಿಮ್ಮ ಮುಂದೆ ನಿಂತರು. ಆಗ ವಾಟ್ಸ್ಯಾಪಿನಲ್ಲಿ ಈ ಕಥೆ ‘ಸೇಡು’ ಎಂಬ ಹೆಸರಿನಲ್ಲಿ ಓಡಾಡಿತು. ಮನಸ್ಸಿನಲ್ಲಿ ಏನಿತ್ತೆಂದು ನಿಮಗಷ್ಟೇ ಗೊತ್ತು, ಹಾಗಾಗಿ ನಾನು ಆ ಪದ ಬಳಸುವುದಿಲ್ಲ. ಆದರೆ ಅಂದು ನಿಮ್ಮ ಪಕ್ಷಕ್ಕೆ ಆದ ಅನ್ಯಾಯ, 2018ರಲ್ಲಿ ನಿಮ್ಮ ಕೈಯಲ್ಲಿ ಪೆನ್ನು ಇದ್ದಾಗ ಒಮ್ಮೆಯಾದರೂ ನೆನಪಾಯಿತೇ?

ಸಂವಿಧಾನದ 361ನೇ ವಿಧಿಯ ಪ್ರಕಾರ ರಾಜ್ಯಪಾಲರು ತಮ್ಮ ಅಧಿಕಾರ ಚಲಾವಣೆಗೆ ಯಾವ ನ್ಯಾಯಾಲಯಕ್ಕೂ ಉತ್ತರ ಕೊಡಬೇಕಿಲ್ಲ. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ಇದೇ ರಾಜಭವನದ ವರದಿಯ ಮೇಲೆ ವಜಾ ಮಾಡಿದ್ದು ತಪ್ಪೆಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳಿತು. ಬಹುಮತ ಸದನದಲ್ಲೇ ತೀರ್ಮಾನವಾಗಬೇಕೆಂದೂ ಹೇಳಿತು. ವರದಿ ಬರೆದ ವೆಂಕಟಸುಬ್ಬಯ್ಯನವರು ಆ ದಿನ ಯಾಕಷ್ಟು ಅವಸರಪಟ್ಟರು ಎಂಬುದು ಮಾತ್ರ ತೀರ್ಪು ಓದಿದರೂ ತಿಳಿಯುವುದಿಲ್ಲ. ಅದನ್ನು ಹೇಳಬೇಕಾದವರು ಆ ಕುರ್ಚಿಯಲ್ಲಿ ಕೂತಿದ್ದವರೇ.

ನೀವು ಗುಜರಾತಿನ ಹಣಕಾಸು ಸಚಿವರಾಗಿ 18 ಬಜೆಟ್ ಮಂಡಿಸಿದವರು, ಲೆಕ್ಕ ಒಪ್ಪಿಸುವುದು ಹೊಸದೇನಲ್ಲ. ಮೇ 16ರ ಆ ಸಂಜೆ ಯಾರ ಫೋನು ಬಂತು, ಯಾರ ಸಲಹೆ ಕೇಳಿದಿರಿ, ಏಳು ಹೇಗೆ ಹದಿನೈದಾಯಿತು, ಇಷ್ಟು ಬರೆದರೆ ಸಾಕು. ಗುಜರಾತಿಯಲ್ಲೇ ಬರೆಯಿರಿ. ಕನ್ನಡಕ್ಕೆ ತರುವವರು ಇಲ್ಲಿದ್ದಾರೆ.

ಇಂತಿ,
ಆ ರಾತ್ರಿ ನಿದ್ದೆಗೆಟ್ಟ ಒಬ್ಬ ಮತದಾರ